ಡೊಂಬಿವಲಿಯ ಮ್ಯಾಲಕ್

ಡೆನಿಸ್ ರಿಚಿ 1972ರ ಸುಮಾರಿಗೆ ಬೆಲ್ ಲ್ಯಾಬ್ಸ್‌ನಲ್ಲಿ ರೂಪಿಸಿದ ಸಿ ಭಾಷೆಯಲ್ಲಿ ಬಿಡಿ ಮಾಹಿತಿಯನ್ನು ಗಂಟು ಕಟ್ಟುವುದು ಸ್ಟ್ರಕ್ಟ್. ಮುಂಬೈ ಲೋಕಲ್ ರೈಲಿನ ಪಾಸಿನ ಸ್ಟ್ರಕ್ಟ್‌ನಲ್ಲಿ ದರ್ಜೆಗೆ ಒಂದು ಕ್ಯಾರೆಕ್ಟರ್, ದರಕ್ಕೆ ಒಂದು ಇಂಟ್ ಇದ್ದರೆ 1+4, ಒಟ್ಟು 5 ಬೈಟ್ ಎಂಬುದು ಕಲ್ಯಾಣದ ಹೊಸ ವಿದ್ಯಾರ್ಥಿಯ ಲೆಕ್ಕ. ಆದರೆ ಗಾತ್ರ ಹೇಳುವ ಸೈಜ್‌ಆಫ್ ಸಾಮಾನ್ಯವಾಗಿ 8 ಎನ್ನುತ್ತದೆ. ನಡುವಿನ 3 ಬೈಟ್ ಬರೀ ಪ್ಯಾಡಿಂಗ್, ಅಂದರೆ ಖಾಲಿ ಜಾಗ. ಕಿಕ್ಕಿರಿದ ಲೋಕಲ್ ಹತ್ತುವ ಡೊಂಬಿವಲಿಯವರಿಗೆ ಇದು ನಂಬಲು ಕಷ್ಟ: ಅಷ್ಟು ಜಾಗ ಖಾಲಿ ಬಿಡುವುದೇ?

ಎಷ್ಟು ಪಾಸು ಬೇಕೆಂದು ಮೊದಲೇ ತಿಳಿಯದಿದ್ದರೆ, ಪ್ರೋಗ್ರಾಮ್ ಓಡುವಾಗಲೇ ಮೆಮೊರಿಯಲ್ಲಿ ಜಾಗ ಕೇಳುವ ಮ್ಯಾಲಕ್ ಬೇಕು. ಅದು ಜಾಗದ ವಿಳಾಸ ಕೊಡುತ್ತದೆ, ಜಾಗ ಸಿಗದಿದ್ದರೆ ನಲ್, ಅಂದರೆ ಎಲ್ಲಿಗೂ ತೋರದ ವಿಳಾಸ. ನಲ್ ನೋಡದೆ ಮುನ್ನುಗ್ಗಿದವರಿಗೆ ಪ್ರೋಗ್ರಾಮನ್ನೇ ನಿಲ್ಲಿಸುವ ಸೆಗ್ಮೆಂಟೇಶನ್ ಫಾಲ್ಟ್ ಸಾಮಾನ್ಯವಾಗಿ ಕಾದಿರುತ್ತದೆ. ಕೆಲಸ ಮುಗಿದ ಮೇಲೆ ಫ್ರೀ ಮಾಡಬೇಕು, ಠಾಣೆಯಲ್ಲಿ ಇಳಿಯುವವನು ಸೀಟು ಬಿಟ್ಟುಕೊಟ್ಟ ಹಾಗೆ. ಬಿಟ್ಟ ಸೀಟಿಗೆ ಮರಳಿ ಕೂರಲು ಹೋದರೆ ಅಲ್ಲಿ ಬೇರೆಯವರ ತೊಡೆ ಇರುತ್ತದೆ. ಲೋಕಲ್‌ನಲ್ಲಾದರೆ ಕೂಡಲೇ ಬೈಗುಳ. ಫ್ರೀ ಮಾಡಿದ ಜಾಗವನ್ನು ಮತ್ತೆ ಮುಟ್ಟಿದರೆ ಸಿ ಎಷ್ಟೋ ಸಲ ತುಟಿಪಿಟಕ್ಕೆನ್ನುವುದಿಲ್ಲ.