ಏಕಪೆಟ್ಟಿಗೆಯಲ್ಲಿ ಹಿರಿಕಿರಿಯ ಬಸವನಹುಳುಗಳು: ಒಂದು ತಾತ್ವಿಕ ಅನುಸಂಧಾನ

ಪೀಠಿಕೆ

ಆಫ್ರಿಕದ ದೈತ್ಯ ಬಸವನಹುಳುವಿನ ಮರಿಗಳನ್ನು ಬೆಳೆದ ಹುಳುಗಳ ಜೊತೆ ಒಂದೇ ಗಾಜಿನ ಪೆಟ್ಟಿಗೆಯಲ್ಲಿ ಸಾಕಬಹುದೇ ಎಂಬ ಜ್ವಲಂತ ಸಮಸ್ಯೆಯನ್ನು ಬಹುಶಿಸ್ತೀಯ ನೆಲೆಯಲ್ಲಿ ಮುಖಾಮುಖಿಯಾಗುವುದು ಪ್ರಸ್ತುತ ಪ್ರಬಂಧದ ಆಶಯ. ‘ಬೇಡ’ ಎಂದರೆ ಉತ್ತರ ಮುಗಿದುಹೋಗುತ್ತದೆ. ಆದ್ದರಿಂದ ಅದನ್ನು ಉಪಸಂಹಾರದವರೆಗೆ ಮುಂದೂಡಲಾಗಿದೆ.

ವ್ಯಾಪ್ತಿ ಮತ್ತು ಮಿತಿ

ಈ ಜೀವಿ ಬ್ರಿಟನ್ನಿನಲ್ಲಿ ಮಕ್ಕಳ ಮುದ್ದಿನ ಪ್ರಾಣಿ. ಅಮೆರಿಕದಲ್ಲಿ ಪರವಾನಗಿಯಿಲ್ಲದೆ ಸಾಕಿದರೆ ಅಪರಾಧ. ಕೊಡಗಿನ ಕಾಫಿ ತೋಟದಲ್ಲಿ ಉಪ್ಪು ಸುರಿದು ಕೊಲ್ಲಬೇಕಾದ ಪೀಡೆ. 1847ರಲ್ಲಿ ವಿಲಿಯಂ ಬೆನ್ಸನ್ ಎಂಬಾತ ಮಾರಿಷಸ್ಸಿನಿಂದ ಕಲ್ಕತ್ತೆಗೆ ತಂದ ಹುಳುಗಳನ್ನು ನೆರೆಯವರು ಚೌರಂಗಿಯ ತೋಟಕ್ಕೆ ಬಿಟ್ಟರು. ಇಲ್ಲೊಂದು ವಸಾಹತೋತ್ತರ ಅಧ್ಯಾಯಕ್ಕೆ ಅವಕಾಶವಿದೆ. ಹುಳುಗಳು ಮಾತ್ರ ಆ ಅಧ್ಯಾಯಕ್ಕಾಗಿ ಕಾಯದೆ ದೇಶ ತುಂಬ ಹರಡಿಕೊಂಡವು.

ಸಂಶೋಧನಾ ವಿಧಾನ

ಪೆಟ್ಟಿಗೆಯ ಮುಂದೆ ಕುರ್ಚಿ ಹಾಕಿಕೊಂಡು ಕೂರುವುದು. ಪಾರಿಭಾಷಿಕವಾಗಿ, ಸಹಭಾಗಿ ಅವಲೋಕನ.

ವರ್ಗೀಕರಣ

ಹಿರಿಕಿರಿಯರ ಸಂಬಂಧವನ್ನು ಐದು ಆಯಾಮಗಳಲ್ಲಿ ಗ್ರಹಿಸಬಹುದು.

1. ವಾತ್ಸಲ್ಯಮೂಲ ಆಯಾಮ: ಪ್ರತಿ ಹುಳುವೂ ಉಭಯಲಿಂಗಿಯಾದ್ದರಿಂದ ತಾಯ್ತನ, ತಂದೆತನಗಳ ದ್ವಂದ್ವವನ್ನು ಈ ಸಮಾಜ ಮೀರಿದೆ. ಒಂದು ಸಲಕ್ಕೆ ಸುಮಾರು 200 ಮೊಟ್ಟೆಗಳನ್ನು ಮಣ್ಣಿನಲ್ಲಿ ಹೂತು ಹಿರಿಯ ಹುಳು ಸೌತೆಕಾಯಿಯ ಕಡೆ ಹೊರಡುತ್ತದೆ. ಮರಿಗಳ ಮುಖ ನೋಡುವ ಪದ್ಧತಿಯಿಲ್ಲ.

2. ಗುರುತ್ವಮೂಲ ಆಯಾಮ: ಹೊಸ ಮರಿಯ ಚಿಪ್ಪು ಸುಮಾರು 5 ಮಿಲಿಮೀಟರ್, ತೀರಾ ತೆಳು. ಹಿರಿಯದರ ಚಿಪ್ಪು 20 ಸೆಂಟಿಮೀಟರ್‌ವರೆಗೆ ಬೆಳೆಯಬಲ್ಲದು. ಹಿರಿಯದು ಹಾದುಹೋಗುವ ದಾರಿಯಲ್ಲಿ ಕಿರಿಯದು ಇದ್ದರೆ ಚಿಪ್ಪು ಒಡೆಯಬಹುದು. ಇದರಲ್ಲಿ ದ್ವೇಷವಿಲ್ಲ, ಕೆಳಗೆ ಯಾರೋ ಇದ್ದಾರೆಂಬ ಗಮನವೇ ಇಲ್ಲ.

3. ಸುಣ್ಣಮೂಲ ಆಯಾಮ: ಮೊಟ್ಟೆಯಿಂದ ಹೊರಬಂದ ಮರಿ ತಾನಿದ್ದ ಮೊಟ್ಟೆಯ ಸಿಪ್ಪೆಯನ್ನೇ ತಿಂದು ಮೊದಲ ಸುಣ್ಣದಂಶ ಪಡೆಯುತ್ತದೆ. ಆಮೇಲೆ ಕಟಲ್‌ಫಿಶ್ ಮೂಳೆಯನ್ನೋ ಪುಡಿ ಮಾಡಿದ ಕೋಳಿಮೊಟ್ಟೆಯ ಸಿಪ್ಪೆಯನ್ನೋ ಇಡಬೇಕು. ಇಡದಿದ್ದರೆ ಹುಳುಗಳು ಅರದಂಥ ನಾಲಿಗೆಯಿಂದ ಒಂದರ ಚಿಪ್ಪನ್ನು ಇನ್ನೊಂದು ಕೆರೆದು ತಿನ್ನುತ್ತವೆ.

4 ಮತ್ತು 5: ಮೇಲಿನವನ್ನೇ ಬೇರೆ ಹೆಸರಿನಲ್ಲಿ ಹೇಳಬೇಕಾಗುವುದರಿಂದ ಕೈಬಿಡಲಾಗಿದೆ. ಬಡ್ತಿಯ ಅಂಕಗಳಿಗೆ ಕೊರತೆ ಬಿದ್ದವರು ಸೇರಿಸಿಕೊಳ್ಳಬಹುದು.

ಚರ್ಚೆ

ಮೂರನೆಯ ಆಯಾಮವನ್ನು ದಾಟಿ ಮುಂದೆ ಹೋಗಲು ಮನಸ್ಸು ಒಪ್ಪುತ್ತಿಲ್ಲ. ಹುಳುವಿನ ಮೇಲೆ ಸಂಶೋಧನಾ ಪ್ರಬಂಧದ ಈ ಭಾಷೆ ಹೇರಿದರೆ ನಗು ಬರುತ್ತದೆ. ಮನುಷ್ಯರ ಮೇಲೆ ಇದನ್ನೇ ಹೇರಿದಾಗ ನಾವು ಶಾಲು ಹೊದಿಸಿ ಚಪ್ಪಾಳೆ ತಟ್ಟುತ್ತೇವೆ. 2010ರಲ್ಲಿ ಯುಜಿಸಿ ಅಧ್ಯಾಪಕರ ಬಡ್ತಿಗೆ ಎಪಿಐ ಎಂಬ ಅಂಕಪದ್ಧತಿಯನ್ನು ತಂದಿತು, ಪ್ರಬಂಧಕ್ಕಿಷ್ಟು, ಪುಸ್ತಕಕ್ಕಿಷ್ಟು. ಅಲ್ಲಿಂದ ವಿಚಾರ ಸಂಕಿರಣಗಳ ಸುಗ್ಗಿ. ‘ಅಂಚಿನವರ ದನಿಯ ಸಂಕಥನ’ ಎಂಬ ಪ್ರಬಂಧವನ್ನು ವೇದಿಕೆಯಲ್ಲಿ ಓದುವವರು ಒಬ್ಬರು, ರಾತ್ರಿಯಿಡೀ ಕೂತು ಬರೆದವರು ಇನ್ನೊಬ್ಬರು. ಬರೆದ ಹುಡುಗಿ ಆ ಹೊತ್ತಿನಲ್ಲಿ ಬಾಗಿಲಲ್ಲಿ ನಿಂತು ಊಟದ ಕೂಪನ್ ಹಂಚುತ್ತಿರುತ್ತಾಳೆ. ಅಚ್ಚಿನಲ್ಲಿ ಅವಳ ಹೆಸರು ಎರಡನೆಯದಾಗಿ ಬಂದರೆ ಅದು ಮಾರ್ಗದರ್ಶಕರ ಔದಾರ್ಯ. ಪಿಎಚ್.ಡಿ. ಮುಗಿದ ಮೇಲೆ ಅವಳಿಗೆ ಸಿಗುವುದು ಅತಿಥಿ ಉಪನ್ಯಾಸಕಿಯ ಕೆಲಸ. ಅದಕ್ಕೂ ಮತ್ತೆ ಮತ್ತೆ ಅರ್ಜಿ, ಮತ್ತೆ ಮತ್ತೆ ಆತಂಕ. ಕಲಿಸುವುದರಲ್ಲಿ ಕಾಯಂ ಅಧ್ಯಾಪಕರಿಗೆ ಸಮ, ಭದ್ರತೆಯಲ್ಲಿ ಸೊನ್ನೆ. ಹುಳುವಾದರೂ ಸುಣ್ಣ ಸಿಗದಾಗ ಪಕ್ಕದವರ ಚಿಪ್ಪು ಕೆರೆಯುತ್ತದೆ. ಕೈತುಂಬ ಸಂಬಳ ಬರುವವರು ಯಾಕೆ ಕೆರೆಯುತ್ತಾರೋ!

ಇಷ್ಟೆಲ್ಲ ನಡೆದರೂ ಸಂಶೋಧನೆ ಮಾಡುವ ಈ ಮಕ್ಕಳು ಓದುತ್ತಾರೆ, ಹಳ್ಳಿ ಸುತ್ತಿ ಮಾಹಿತಿ ತರುತ್ತಾರೆ, ಬರೆಯುತ್ತಾರೆ. ಬರೆಯುವುದರಲ್ಲಿ ಅವರಿಗಿನ್ನೂ ಆಸೆ ಉಳಿದಿದೆಯಲ್ಲ ಎಂದು ಹೊಟ್ಟೆ ಉರಿಯುತ್ತದೆ.

ಉಪಸಂಹಾರ

ಮರಿಗಳನ್ನು ಬೇರೆ ಪೆಟ್ಟಿಗೆಯಲ್ಲಿಡಿ. ತೇವದ ಮಣ್ಣು, ಸೊಪ್ಪು, ಸುಣ್ಣದಂಶ ತಪ್ಪಿಸಬೇಡಿ. ಚಿಪ್ಪು ಗಟ್ಟಿಯಾಗಿ ಮೈ ಬೆಳೆದ ಮೇಲೆ ದೊಡ್ಡವುಗಳ ಜೊತೆ ಸೇರಿಸಿ. ಬೇಡದ ಮೊಟ್ಟೆಗಳನ್ನು ಫ್ರೀಜರಿನಲ್ಲಿಟ್ಟು ನಾಶಮಾಡಿ. ತೋಟಕ್ಕೆ ಎಸೆದು ಬೆನ್ಸನ್ನನ ನೆರೆಯವರಂತೆ ಆಗಬೇಡಿ. ಮಾರ್ಗದರ್ಶಕರಲ್ಲಿ ಒಂದೇ ವಿನಂತಿ: ಬರೆದವರ ಹೆಸರು ಮೊದಲು ಹಾಕಿ. ನೀವು ಬರೆದಿಲ್ಲವಾದರೆ ನಿಮ್ಮದು ಹಾಕಲೇಬೇಡಿ.