ಕಾಷ್ಠಾಸ್ತರಣ ಮೀಮಾಂಸೆ

ಗೃಹಾಲಂಕಾರದ ಮಿರುಗುಗಾಗದದ ಪುಸ್ತಿಕೆಗಳನ್ನು ಪಾರಾಯಣ ಮಾಡಿ, ಬಂಟ್ವಾಳದ ಮಳಿಗೆಯೊಂದರಲ್ಲಿ ಕಂಠಕೌಪೀನಧಾರಿಯಾದ ತಜ್ಞನೊಬ್ಬನ ಪ್ರವಚನವನ್ನು ಆದ್ಯಂತವಾಗಿ ಸಹಿಸಿದ ತರುವಾಯ, ನೆಲಕ್ಕೆ ಹಾಸತಕ್ಕ ಗಟ್ಟಿಮರದ ಆಯ್ಕೆಯು ಆಚಾರಿಗಳ ಕಸುಬಿಗೆ ಸೇರಿದುದಲ್ಲವೆಂದೂ, ಪ್ರಮಾಣ ಪ್ರಮೇಯಗಳಿಂದ ಕೂಡಿದ ಒಂದು ದರ್ಶನವೇ ಆಗಿದೆಯೆಂದೂ ಮನಗಂಡು, ಈ ಮೀಮಾಂಸೆಗೆ ಕೈಹಚ್ಚಿದ್ದೇನೆ.

ಅಥಾತೋ ಕಾಠಿನ್ಯಜಿಜ್ಞಾಸಾ. ಆಸ್ಟ್ರಿಯದ ಯಾಂಕಾ ಮಹಾಶಯರು 1906ರಲ್ಲಿ ವಿಧಿಸಿದ ಪ್ರಕಾರ, 11.28 ಮಿಲಿಮೀಟರು ವ್ಯಾಸದ ಉಕ್ಕಿನ ಗುಂಡನ್ನು ಅರ್ಧದವರೆಗೆ ಮರದೊಳಕ್ಕೆ ಒತ್ತಲು ಬೇಕಾಗುವ ಬಲವೇ ಆ ಮರದ ಕಾಠಿನ್ಯವು. ನಮ್ಮ ಕಡೆಯ ಮನೆಗಳಲ್ಲಿ ಉಕ್ಕಿನ ಗುಂಡುಗಳು ಬೀಳುವುದು ಅಪೂರ್ವ. ಬೀಳುವುದೇನಿದ್ದರೂ ಸುಲಿಯದ ತೆಂಗಿನಕಾಯಿ, ಅಡಕೆಗೊನೆ, ಆಟಿ ತಿಂಗಳಲ್ಲಿ ಮಾಡಿನಿಂದ ಸೋರುವ ನೀರು. ಇವುಗಳಿಗೆ ಮಾಪಕವನ್ನು ಯಾವ ಆಚಾರ್ಯನೂ ವಿಧಿಸಿದಂತಿಲ್ಲ.

ಕಾಷ್ಠವು ಚತುರ್ವಿಧ. ಮೊದಲನೆಯದು ದೃಷ್ಟಿಮಾತ್ರಕಾಷ್ಠ: ಮರದ ಪುಡಿಯನ್ನು ಒತ್ತಿ ಮಾಡಿದ ಹಲಗೆಗೆ ಮರದ ಛಾಯಾಚಿತ್ರವನ್ನು ಅಂಟಿಸಿದ ಮಾಯಾವಾದ. ಇದಕ್ಕೆ ದೀರ್ಘಾವಧಿಯ ಖಾತರಿಪತ್ರವುಂಟು. ನೀರು ನಿಂತು ಅಂಚು ಉಬ್ಬಿದರೆ ಖಾತರಿಯಿಲ್ಲವೆಂಬ ವಾಕ್ಯವು ಮಾತ್ರ ಇರುವೆಗಳು ಓದತಕ್ಕ ಅಕ್ಷರಗಳಲ್ಲಿದೆ. 1923ರ ನೆರೆಯನ್ನೂ 1974ರ ನೆರೆಯನ್ನೂ ಕಂಡ, ನೇತ್ರಾವತಿಯ ದಡದ ಪೇಟೆಯಲ್ಲಿ ಇದನ್ನು ಮಾರುವ ಧೈರ್ಯಕ್ಕೆ ನಮಸ್ಕಾರ! ಎರಡನೆಯದು ತ್ವಙ್ಮಾತ್ರಕಾಷ್ಠ: ಪ್ಲೈವುಡ್ಡಿನ ಮೇಲೆ ಕೆಲವೇ ಮಿಲಿಮೀಟರು ನಿಜಮರದ ಚರ್ಮ. ಮೂರನೆಯದು ದ್ವೀಪಾಂತರಕಾಷ್ಠ: ಹಡಗಿನಲ್ಲಿ ಬಂದ ಓಕ್; ಹಾಸುವ ಮುನ್ನ ಅದನ್ನು ಕೋಣೆಯಲ್ಲಿ ಮಲಗಿಸಿ ನಮ್ಮ ಹವೆಗೆ ಒಗ್ಗಿಸತಕ್ಕದ್ದು. ನಾಲ್ಕನೆಯದಕ್ಕೆ ಪುಸ್ತಿಕೆಯಲ್ಲಿ ಪುಟವೇ ಇಲ್ಲ, ನನಗೂ ಈ ವರ್ಗೀಕರಣ ಸಾಕಾಗಿದೆ.

ಹಲಸಿನ ಹಲಗೆಯ ಮಾತೆತ್ತಿದಾಗ ಆ ತಜ್ಞನು, “ಅದು ಹಣ್ಣಿನ ಮರವಲ್ಲವೇ ಸಾರ್?” ಎಂದು ನಕ್ಕನು. ಹೊಸತಾಗಿರುವಾಗ ಹಳದಿಯಾಗಿದ್ದು ವರ್ಷಗಳುರುಳಿದಂತೆ ಕೆಂಗಂದಿಗೆ ತಿರುಗುವ ಆ ಚೇಗನ್ನು, ಹೆಬ್ಬಲಸನ್ನು, ಬೋಗಿಯನ್ನು, ತೇಗವನ್ನು ಹಾಸಿದ ಉಪ್ಪರಿಗೆಗಳ ಮೇಲೆ ಈ ಸೀಮೆಯ ಜನ ತಲೆಮಾರುಗಳ ಕಾಲ ನಡೆದಿದ್ದಾರೆ, ಭತ್ತದ ಮುಡಿಗಳನ್ನು ಇಳಿಸಿದ್ದಾರೆ, ಹೆತ್ತಿದ್ದಾರೆ, ಸತ್ತಿದ್ದಾರೆ. ಮೂಡುಬಿದಿರೆಯ ಚೌಟರ ಅರಮನೆಯಲ್ಲಿ ಮರದ ಕಂಬಗಳ ಮೇಲೆ ನವನಾರೀಕುಂಜರವನ್ನೂ ಪಂಚನಾರೀತುರಗವನ್ನೂ ಬಿಡಿಸಿದ ಕೈಗಳು ಯಾವ ಪುಸ್ತಿಕೆಯನ್ನು ಓದಿದ್ದುವು?

ಈಗ ಬೆಳ್ತಂಗಡಿಯ ಕಡೆ ಪಾಲಾದ ಹಳೆಯ ಮನೆಯೊಂದು ಕೆಡವಲ್ಪಟ್ಟಿತೆಂದರೆ ಮೂರನೆಯ ದಿನಕ್ಕೆ ಲಾರಿ ಬರುತ್ತದೆ. ತೊಲೆ, ಜಂತಿ, ಹಲಗೆ, ಬಾಗಿಲ ದಾರಂದಗಳೆಲ್ಲ ಒಟ್ಟು ಲೆಕ್ಕದಲ್ಲಿ ಹೋಗಿ, ದೂರದ ಯಾವುದೋ ರೆಸಾರ್ಟಿನಲ್ಲಿ ಪುರಾತನವೆಂಬ ಬೆಲೆಗೆ ಏರುತ್ತವೆ. ಅಂಗಳದಾಚೆಯ ಹೆಬ್ಬಲಸು ಉರುಳಿ ರಬ್ಬರು ಏಳುತ್ತದೆ. ರಬ್ಬರಿಗೆ ಏಳು ವರ್ಷ ಸಾಕು, ಹೆಬ್ಬಲಸಿಗೆ ತಲೆಮಾರು ಬೇಕು. ಸಾಲವಿದ್ದವನು ಈ ಲೆಕ್ಕ ಕಲಿತರೆ ದೂಷಿಸಲಾರೆ. ಆದರೆ ಅಜ್ಜ ನೆಟ್ಟ ಮರವನ್ನು ಮಾರಿದ ದುಡ್ಡಿನಲ್ಲಿ ಮರದ ಚಿತ್ರವನ್ನು ಕೊಂಡು ತಂದು ನೆಲಕ್ಕೆ ಹಾಸಿ, ಅದು ಗೀಚಿಹೋದೀತೆಂದು ಬಂದವರಿಗೆಲ್ಲ ಕಾಲುಚೀಲ ಹಂಚುವ ಶ್ರೀಮಂತ ಯಜಮಾನರನ್ನು ಕಂಡರೆ ನನಗೆ ಮೈ ಉರಿಯುತ್ತದೆ.