ಒಂದು ವಿದ್ಯಾರ್ಥಿವೇತನ ಅರ್ಜಿಯ ಕವಿ-ಕಾಲ-ಪಾಠ ವಿಚಾರ

ಹಳಗನ್ನಡ ಕಾವ್ಯಗಳ ಸಂಪಾದನೆ ಹೆಚ್ಚುಕಡಿಮೆ ಮುಗಿದಿರುವುದರಿಂದ ನಾಡಿನ ವಿದ್ವತ್ತಿಗೆ ಈಗ ಹೊಸ ಕೆಲಸ ಹುಡುಕಬೇಕಾಗಿದೆ. ಪ್ರತಿವರ್ಷ ಆಷಾಢ ಕಳೆಯುವ ಹೊತ್ತಿಗೆ ಲಕ್ಷಗಟ್ಟಲೆ ಪ್ರತಿಗಳಲ್ಲಿ ಹುಟ್ಟಿ, ಒಬ್ಬ ಓದುಗನೂ ಕೊನೆಯತನಕ ಓದದೆ ಕಾಲಗರ್ಭ ಸೇರುವ ಗದ್ಯಪ್ರಕಾರವೊಂದು ನಮ್ಮಲ್ಲಿದೆ. ಅದೇ ವಿದ್ಯಾರ್ಥಿವೇತನದ ಅರ್ಜಿ. ಕವಿಚರಿತೆಕಾರರು ಇದರ ಕಡೆ ಕಣ್ಣೆತ್ತಿ ನೋಡಲಿಲ್ಲ. ಛಂದಸ್ಸಿನವರು ಇದರಲ್ಲಿ ಪ್ರಾಸವಿಲ್ಲವೆಂದು ಬಿಟ್ಟರು. ಆ ಕೊರತೆಯನ್ನು ತುಂಬುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಪರಿಶೀಲನೆಗೆ ಎತ್ತಿಕೊಂಡಿರುವ ಮಾತೃಕೆ ಧಾರವಾಡ ಸೀಮೆಯ ಹಳ್ಳಿಯೊಂದರಿಂದ ಬಂದು ಬಿ.ಎಸ್ಸಿ. ಓದುತ್ತಿರುವ, ಪರಿಶಿಷ್ಟ ಜಾತಿಗೆ ಸೇರಿದ ಹುಡುಗಿಯ ಕಡತ. ಅವಳನ್ನು ಅನುಕೂಲಕ್ಕಾಗಿ ರೇಣುಕಾ ಎನ್ನೋಣ. ಇದು ಕಲ್ಪಿತ ಹೆಸರು. ನಿಜವಾದ ಹೆಸರು ಯಾವುದೆಂಬುದು, ಮುಂದೆ ತಿಳಿಯುವಂತೆ, ಯಾವ ಇಲಾಖೆಗೂ ಖಾತ್ರಿಯಿಲ್ಲ. ಕಡತವು ಓಲೆಗರಿಯದಲ್ಲ, ಝೆರಾಕ್ಸಿನದು. ಜಾತಿ ಮತ್ತು ಆದಾಯ ಪ್ರಮಾಣಪತ್ರ, ಅಂಕಪಟ್ಟಿ, ಆಧಾರ್, ಫೀ ರಸೀದಿ, ಹಾಸ್ಟೆಲ್ ಪತ್ರ, ಪಾಸ್‌ಬುಕ್ಕಿನ ಮೊದಲ ಪುಟ, ಇವು ಇದರ ಗರಿಗಳು. ಒಂದು ಗರಿಯ ಮೇಲೆ ಚಹಾದ ಲೋಟ ಇಟ್ಟ ಗುರುತಿದೆ. ಅದನ್ನು ಕಚೇರಿಯ ಮೊಹರೆಂದು ಓದಿದ ವಿದ್ವಾಂಸರೂ ಇದ್ದಾರೆ.

ಮೊದಲು ಕರ್ತೃವಿನ ಪ್ರಶ್ನೆ. ಮುಖಪುಟದಲ್ಲಿ ರೇಣುಕಾಳ ಹೆಸರೇನೋ ಇದೆ. ಆದರೆ ಆಂತರಿಕ ಪ್ರಮಾಣಗಳು ಬೇರೆಯವರತ್ತ ಬೆರಳು ತೋರಿಸುತ್ತವೆ. ಅದೇ ತಾಲ್ಲೂಕಿನಿಂದ ಹೊರಟ ಇತರ ಅರ್ಜಿಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಎಲ್ಲದರಲ್ಲೂ ಒಂದೇ ಇ-ಮೇಲ್ ವಿಳಾಸ, ಒಂದೇ ಪಾಸ್‌ವರ್ಡ್, 'ತಾಯಿಯ ಹೆಸರು' ಎಂಬಲ್ಲಿ ಒಂದೇ ಬಗೆಯ ಕಾಗುಣಿತದ ತಪ್ಪು. ಶೈಲಿ ಒಬ್ಬನದೇ. ಆದ್ದರಿಂದ ಬಸ್‌ಸ್ಟ್ಯಾಂಡ್ ಎದುರಿನ ಸೈಬರ್ ಸೆಂಟರಿನ ಹುಡುಗನೇ ಈ ಕೃತಿಯ ಕರ್ತೃವೆಂದು ನಿರ್ಣಯಿಸಬೇಕಾಗುತ್ತದೆ. ಬರೆದದ್ದನ್ನು ಅಳಿಸಲಿಲ್ಲವೆಂಬ ಹೆಮ್ಮೆ ಕುಮಾರವ್ಯಾಸನದಾಗಿತ್ತು. ಈ ಹುಡುಗನೂ ಅಳಿಸುವುದಿಲ್ಲ. 'ಫೈನಲ್ ಸಬ್ಮಿಟ್' ಒತ್ತಿದ ಮೇಲೆ ಅಳಿಸಲು ಬರುವುದೂ ಇಲ್ಲ. ವಿದ್ಯಾರ್ಥಿವೇತನದ ವ್ಯವಸ್ಥೆಯಲ್ಲಿ ಸಂಭಾವನೆ ಸ್ಥಳದಲ್ಲೇ, ನಗದಾಗಿ, ತಪ್ಪದೆ ಕೈಸೇರುವುದು ಇವನೊಬ್ಬನಿಗೆ ಎಂಬುದನ್ನು ಸಾಹಿತ್ಯದ ಸಮಾಜಶಾಸ್ತ್ರದವರು ಗಮನಿಸಬೇಕು.

ಸಹಕರ್ತೃ ಒಬ್ಬನಿದ್ದಾನೆ, ಹುಡುಗಿಯ ತಂದೆ. ಆಧಾರ್ ಜೋಡಣೆಯಾಗಿರುವುದು ಅವನ ಮೊಬೈಲಿಗೆ. ಮೊಬೈಲು ಅವನ ಜೊತೆ ಹೊಲದಲ್ಲಿರುತ್ತದೆ. ಕೃತಿರಚನೆಯ ಈ ಘಟ್ಟದ ಸಂವಾದ ಮೌಖಿಕ ಪರಂಪರೆಯಲ್ಲಿ ಹೀಗೆ ಉಳಿದುಬಂದಿದೆ:

"ಅಪ್ಪಾ, ಫೋನಿಗೆ ಒಂದ್ ನಂಬರ್ ಬಂದೈತೇನ ನೋಡು."

"ಬಂದೈತಿ ಬಿಡವಾ. ಕನ್ನಡಕ ಮನ್ಯಾಗ ಉಳದೈತಿ."

"ಬಾಜೂದವ್ರ ಕೈಯಾಗ ಕೊಟ್ಟು ಓದಸು."

"ಬಾಜೂ ಯಾರದಾರ? ಎತ್ತ ಅದಾವ."

ಅಷ್ಟರಲ್ಲಿ ಓಟಿಪಿಯ ಆಯುಷ್ಯ ತೀರುತ್ತದೆ. ಇಲ್ಲಿ ಗ್ರಂಥಪಾತವಿದೆ.

ಪಾಠಾಂತರಗಳ ವಿಷಯಕ್ಕೆ ಬಂದರೆ ಸಂಪಾದಕನ ನಿಜವಾದ ಸಂಕಟ ಶುರುವಾಗುತ್ತದೆ. ಎಸ್ಎಸ್ಎಲ್‌ಸಿ ಪ್ರತಿಯಲ್ಲಿ 'ರೇಣುಕಾ ಬಸಪ್ಪ' ಎಂದಿದೆ. ಆಧಾರ್ ಪ್ರತಿಯಲ್ಲಿ 'ಬಿ. ರೇಣುಕ'. ನಾಡಕಚೇರಿಯ ಪ್ರತಿಯಲ್ಲಿ 'ರೇಣುಕವ್ವ'. ಬ್ಯಾಂಕಿನ ಪ್ರತಿಯಲ್ಲಿ ಜಾಗ ಸಾಲದೆ 'ರೇಣುಕಾ ಬಸ' ಎಂದು ನಿಂತಿದೆ. ಲಿಪಿಕಾರನಿಗೆ ಬಸ್ಸಿಗೆ ಹೊತ್ತಾಗಿತ್ತೋ ಏನೋ. ಕ್ಲಿಷ್ಟವಾದ ಪಾಠವೇ ಮೂಲಕ್ಕೆ ಹತ್ತಿರ ಎಂಬುದು ಗ್ರಂಥಸಂಪಾದನೆಯ ಒಪ್ಪಿತ ಸೂತ್ರ. ರಾಜ್ಯ ವಿದ್ಯಾರ್ಥಿವೇತನ ಜಾಲತಾಣ ಈ ಸೂತ್ರವನ್ನು ಮಾನ್ಯ ಮಾಡುವುದಿಲ್ಲ. ಹೆಸರು ತಾಳೆಯಾಗದಿದ್ದರೆ ಅರ್ಜಿಯನ್ನೇ ಪ್ರಕ್ಷಿಪ್ತವೆಂದು ಬದಿಗಿಡುತ್ತದೆ. ಆಧಾರ್ ಪ್ರತಿಯನ್ನು ತಿದ್ದಬೇಕಾದರೆ ಅಂಕಪಟ್ಟಿ ತೋರಿಸಬೇಕು. ಅಂಕಪಟ್ಟಿಯನ್ನು ತಿದ್ದಬೇಕಾದರೆ ಶಾಲೆಯ ದಾಖಲಾತಿ ಪುಸ್ತಕ ತೆಗೆಸಬೇಕು. ಅದರಲ್ಲಿ ಮೇಷ್ಟ್ರು ಒಂದನೇ ಇಯತ್ತೆಯಲ್ಲಿ ತಮಗೆ ಕೇಳಿಸಿದಂತೆ ಬರೆದುಕೊಂಡಿದ್ದಾರೆ. ಇದಕ್ಕೆ ತರ್ಕಶಾಸ್ತ್ರದಲ್ಲಿ ಚಕ್ರಕದೋಷವೆಂದು ಹೆಸರು. ತಾಲ್ಲೂಕು ಕಚೇರಿಯಲ್ಲಿ 'ನಾಳೆ ಬಾ' ಎಂದು. ಹುಡುಗಿಯನ್ನು ಮನೆಯಲ್ಲಿ ಎಲ್ಲರೂ ಕರೆಯುವುದು ರೇಣವ್ವ ಎಂದು. ಆ ಪಾಠ ಯಾವ ಪ್ರತಿಯಲ್ಲೂ ಸಿಗಲಿಲ್ಲ.

ಅಲಂಕಾರದ ದೃಷ್ಟಿಯಿಂದ ನೋಡಿದರೆ ಆದಾಯ ಪ್ರಮಾಣಪತ್ರವೇ ಕೃತಿಯ ಮುಕುಟಮಣಿ. ನಮ್ಮ ಶಾಸನಕವಿಗಳು ರಾಜನ ಐಶ್ವರ್ಯವನ್ನು ಹಿಗ್ಗಿಸಿ ಬಣ್ಣಿಸಿದರು. ನಾಡಕಚೇರಿಯ ಗದ್ಯ ಪ್ರಜೆಯ ಐಶ್ವರ್ಯವನ್ನು ಕುಗ್ಗಿಸಿ ಬಣ್ಣಿಸುತ್ತದೆ. ಮೂರು ಎಕರೆ ಅಡಿಕೆ ತೋಟವೂ ಈ ಗದ್ಯದಲ್ಲಿ ವರ್ಷಕ್ಕೆ ಹನ್ನೊಂದು ಸಾವಿರದ ಒಳಗೆ ಅಡಗಬಲ್ಲುದು. ಆದರೆ ಸಂಬಳದ ಚೀಟಿ ಇರುವವನಿಗೆ ಅಲಂಕಾರಶಾಸ್ತ್ರ ಒಲಿಯುವುದಿಲ್ಲ. ಪರಿಶಿಷ್ಟ ಜಾತಿಯ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಕುಟುಂಬದ ವಾರ್ಷಿಕ ವರಮಾನದ ಮಿತಿ 2.5 ಲಕ್ಷ ರೂಪಾಯಿ. ತಿಂಗಳಿಗೆ ಹಂಚಿದರೆ 20,833 ರೂಪಾಯಿ. ಇಪ್ಪತ್ತೊಂದು ಸಾವಿರ ಸಂಬಳದ ಶಾಲಾ ವಾಹನದ ಚಾಲಕ ಹೀಗೆ ಶ್ರೀಮಂತರ ಸಾಲಿಗೆ ಸೇರುತ್ತಾನೆ. ಅವನ ಮಗ ರೇಣುಕಾಳ ಸಹಪಾಠಿ. ಅವನು ಅರ್ಜಿ ಹಾಕುವ ಗೋಜಿಗೇ ಹೋಗಲಿಲ್ಲ. ಇನ್ನೊಂದು ಸೂಕ್ಷ್ಮ: ಪ್ರಮಾಣಪತ್ರದಲ್ಲಿ ಆದಾಯಕ್ಕೆ ಐದು ವರ್ಷದ ಆಯುಷ್ಯ, ಪರಿಶಿಷ್ಟರ ಜಾತಿಗೆ ಆಜೀವ. ಬಡತನ ಐದು ವರ್ಷದಲ್ಲಿ ತೀರಬಹುದೆಂಬ ಆಶಾವಾದ ಕಂದಾಯ ಇಲಾಖೆಗಿದೆ. ಜಾತಿಯ ವಿಷಯದಲ್ಲಿ ಅದಕ್ಕೆ ಅಂಥ ಭ್ರಮೆಯಿಲ್ಲ.

ಇನ್ನು ಪೂರ್ವಪರಂಪರೆ. ಸರ್ಕಾರಿ ಜಾಲತಾಣಗಳು ಹುಟ್ಟುವ ಮೊದಲೇ ಕನ್ನಡನಾಡಿನಲ್ಲಿ ವಾರಾನ್ನವೆಂಬ ಜಾಲವಿತ್ತು. ಓದಲು ಪಟ್ಟಣಕ್ಕೆ ಬಂದ ಬಡ ಹುಡುಗ ವಾರದ ಏಳು ದಿನಕ್ಕೆ ಏಳು ಮನೆ ಗೊತ್ತು ಮಾಡಿಕೊಳ್ಳುತ್ತಿದ್ದ. ಏಳು ಸರ್ವರ್‌ಗಳು, ಯಾವುದಾದರೊಂದು ಮನೆಯಲ್ಲಿ ಸೂತಕವಾದರೆ ಆ ದಿನ ಸರ್ವರ್ ಡೌನ್. ಅರ್ಜಿಯಿಲ್ಲ, ಓಟಿಪಿಯಿಲ್ಲ, ಕೊನೆಯ ದಿನಾಂಕವಿಲ್ಲ. ಇದನ್ನು ನೆನೆದು ಕಣ್ತುಂಬಿಕೊಳ್ಳುವ ಹಿರಿಯರು ಇಂದಿಗೂ ಇದ್ದಾರೆ. ಅವರ ಆತ್ಮಕಥೆಗಳಲ್ಲಿ ತಿಳಿಸಾರಿನ ರುಚಿಯ ವರ್ಣನೆ ಬಹಳ. ಆ ಜಾಲದ ಪಾಸ್‌ವರ್ಡ್ ಜಾತಿಯಾಗಿತ್ತೆಂಬ ಸಂಗತಿ ಮಾತ್ರ ಅಡಿಟಿಪ್ಪಣಿಗೂ ಬಂದಿಲ್ಲ. ರೇಣುಕಾಳ ಮುತ್ತಜ್ಜ ಆ ಏಳು ಮನೆಗಳ ಹಿತ್ತಿಲು ದಾಟಿ ಒಳಗೆ ಬಂದವನಲ್ಲ. ಮಠಗಳ ಉಚಿತ ಪ್ರಸಾದ ನಿಲಯಗಳು ಬಂದ ಮೇಲೆ ಬಾಗಿಲು ಒಂದಿಷ್ಟು ಅಗಲವಾಯಿತು. ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಜಾತಿ ಕೇಳಿಸಿಕೊಳ್ಳದೆ ಉಂಡು ಓದಿದರು. ಪ್ರಬಂಧಕಾರ ಕೊಂಕು ತೆಗೆಯಲಾಗದ ಕೆಲವೇ ಜಾಗಗಳಲ್ಲಿ ಇದೂ ಒಂದು.

ರಾಜಾಶ್ರಯದ ಶಾಖೆ ಬೇರೆ. ಮನೆಪಾಠ ಹೇಳಿ ಬೆಂಗಳೂರಿನಲ್ಲಿ ಬಿ.ಎ. ಮುಗಿಸಿದ ವಿಶ್ವೇಶ್ವರಯ್ಯನವರು ಮೈಸೂರು ಸರ್ಕಾರದ ವೇತನ ಪಡೆದು ಪುಣೆಯ ವಿಜ್ಞಾನ ಕಾಲೇಜಿಗೆ ಎಂಜಿನಿಯರಿಂಗ್ ಓದಲು ಹೋದರು. ಅವರ ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಏನಾಗಿತ್ತೆಂಬುದರ ಬಗ್ಗೆ ಚರಿತ್ರಕಾರರೆಲ್ಲ ಮೌನ. 1913ರಲ್ಲಿ ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರ ಸಂಸ್ಥಾನ ಅಂಬೇಡ್ಕರರಿಗೆ ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷದ ವೇತನ ಕೊಟ್ಟು ಅಮೆರಿಕದ ಕೊಲಂಬಿಯಾಕ್ಕೆ ಕಳಿಸಿತು. ಮರಳಿ ಬಂದು ಸಂಸ್ಥಾನದ ಚಾಕರಿ ಮಾಡುವುದಾಗಿ ಕರಾರು ಬರೆಸಿಕೊಂಡಿತು. ಹಣ ಸಂದಿತು, ಕರಾರಿನಂತೆ ಅವರು ಬರೋಡಾಕ್ಕೆ ಬಂದರು, ಆ ಊರಿನಲ್ಲಿ ಅವರಿಗೊಂದು ಬಾಡಿಗೆ ಮನೆ ಸಿಗಲಿಲ್ಲ. ಕೊಲಂಬಿಯಾದ ಅಂಕಪಟ್ಟಿಯೂ ಮನೆಯೊಡೆಯರ ಮುಂದೆ ನಡೆಯಲಿಲ್ಲ. ಪರಿಶಿಷ್ಟ ಜಾತಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾದದ್ದು 1944ರಲ್ಲಿ, ಅಂಬೇಡ್ಕರರು ವೈಸರಾಯರ ಕಾರ್ಯಕಾರಿ ಮಂಡಳಿಯಲ್ಲಿದ್ದಾಗ. ರೇಣುಕಾಳ ಅರ್ಜಿ ಆ ವಂಶವೃಕ್ಷದ ಕೊಂಬೆ.

ಕಾಲನಿರ್ಣಯ ಎರಡು ಬಗೆಯದು, ಅರ್ಜಿ ಹುಟ್ಟಿದ ಕಾಲ ಮತ್ತು ಹಣ ಬಂದ ಕಾಲ. ಮೊದಲನೆಯದನ್ನು 'ಕೊನೆಯ ದಿನಾಂಕ'ದಿಂದ ಊಹಿಸಬಹುದಾಗಿತ್ತು. ಆದರೆ ಕೊನೆಯ ದಿನಾಂಕವೆಂಬುದು ವಿಸ್ತರಣೆಗೊಂಡು, ಪುನರ್ವಿಸ್ತರಣೆಗೊಂಡು, ಯಾರೂ ನೋಡದಿದ್ದ ಒಂದು ಭಾನುವಾರ ನಿಜವಾಗಿಯೂ ಮುಗಿದುಹೋಗುವ ಪದಾರ್ಥ. ಎರಡನೆಯದಕ್ಕೆ ಆಧಾರಗಳು ಇನ್ನೂ ವಿರಳ. 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಮೆಟ್ರಿಕ್ ನಂತರದ ಈ ಯೋಜನೆಗೆ ಐದು ವರ್ಷಕ್ಕೆ 59,048 ಕೋಟಿ ರೂಪಾಯಿ ಒಪ್ಪಿತು, ಅದರಲ್ಲಿ ಶೇ. 60 ಕೇಂದ್ರದ್ದು, ಉಳಿದದ್ದು ರಾಜ್ಯಗಳದ್ದು. ಕೃತಿಯ ಫಲ ಹೀಗಾಗಿ ಪೂರ್ವಾರ್ಧ, ಉತ್ತರಾರ್ಧವೆಂದು ಎರಡಾಯಿತು. ರಾಜ್ಯದ ಪಾಲು ಮೊದಲು, ಕೇಂದ್ರದ ಪಾಲು ಆಮೇಲೆ. ಎರಡರ ನಡುವಿನ ಅವಧಿಯಲ್ಲಿ ಕಾಲೇಜಿನ ಗುಮಾಸ್ತರು ಹಾಲ್ ಟಿಕೆಟ್ ಹಿಡಿದುಕೊಂಡು 'ಫೀ ಕಟ್ಟವಾ ಮೊದಲು' ಎಂದು ವ್ಯಾಖ್ಯಾನ ಬರೆಯುತ್ತಾರೆ.

ಹಣ ಬಂದರೂ ಎಲ್ಲಿಗೆ ಬಂತೆಂಬುದು ಬೇರೆ ಸಂಶೋಧನೆ. ಅರ್ಜಿದಾರಳ ಕೈಯಲ್ಲಿರುವ ಪಾಸ್‌ಬುಕ್ಕಿಗೆ ಹಣ ಬರುವುದಿಲ್ಲ. ಆಧಾರ್ ಕೊನೆಯದಾಗಿ ಯಾವ ಖಾತೆಗೆ ಸೀಡ್ ಆಗಿದೆಯೋ ಅಲ್ಲಿಗೆ ಹೋಗುತ್ತದೆ. ಅದು ಪ್ರೌಢಶಾಲೆಯಲ್ಲಿದ್ದಾಗ ಯಾರೋ ತೆರೆಸಿದ ಖಾತೆಯಾಗಿರಬಹುದು, ಆ ಬ್ಯಾಂಕೇ ಈಗ ಲುಪ್ತಗ್ರಂಥವಾಗಿರಬಹುದು. ಕರಾವಳಿಯಲ್ಲಿ ಹುಟ್ಟಿದ ಮೂರು ಬ್ಯಾಂಕುಗಳು ಹೀಗೆ ಹೆಸರಷ್ಟೇ ಉಳಿದವು: ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾಯಿತು, ಮರುವರ್ಷ ಅದೇ ತಾರೀಖಿಗೆ ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ. ರೇಣುಕಾಳ ಹಳೆಯ ಖಾತೆ ವಿಜಯಾದ್ದು. ಬ್ಯಾಂಕ್ ಆಫ್ ಬರೋಡಾವನ್ನು 1908ರಲ್ಲಿ ಸ್ಥಾಪಿಸಿದವರು ಅದೇ ಸಯಾಜಿರಾವ್ ಗಾಯಕವಾಡರು. ಅಂದಮೇಲೆ 1913ರ ವೇತನಕ್ಕೂ ರೇಣುಕಾಳ ವೇತನಕ್ಕೂ ಮೂಲ ಬರೋಡಾವೇ ಎಂಬ ಸಿದ್ಧಾಂತವನ್ನು ಈ ಪ್ರಬಂಧ ಮೊದಲ ಬಾರಿಗೆ ಮಂಡಿಸುತ್ತಿದೆ. ಮೊದಲನೆಯದು ನ್ಯೂಯಾರ್ಕ್ ಮುಟ್ಟಿತು. ಎರಡನೆಯದು ಹಳೆಯ ಐಎಫ್‌ಎಸ್‌ಸಿ ಕೋಡಿನ ಬಳಿ ಕೂತಿದೆ.

ಕೃತಿಯಲ್ಲಿ ಒಂದು ಪ್ರಕ್ಷಿಪ್ತ ಭಾಗವೂ ಇದೆ. ವಿದ್ಯಾರ್ಥಿವೇತನವನ್ನು ಕುರಿತು ಯಾರನ್ನು ಕೇಳಿದರೂ ಮಾತಿನ ನಡುವೆ 'ಸಾಲ' ಎಂಬ ಅಧ್ಯಾಯ ನುಸುಳುತ್ತದೆ. ಭಾಷೆ, ಶೈಲಿ, ಆಶಯ ಎಲ್ಲದರಲ್ಲೂ ಇದು ಪರಕೀಯ. ನಾಲ್ಕು ಲಕ್ಷದವರೆಗೆ ಅಡಮಾನ ಬೇಡವೆಂಬ ನಿಯಮ ಬ್ಯಾಂಕುಗಳಲ್ಲಿದೆ. ಶಾಖೆಯ ವ್ಯವಸ್ಥಾಪಕರು ಅದನ್ನು ಓದಿದ್ದಾರೆ. ಆದರೂ 'ಹೊಲದ ಉತಾರ ಇದ್ದರೆ ತರ್ರಿ' ಎನ್ನುತ್ತಾರೆ. 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ಪ್ರಧಾನಮಂತ್ರಿ ವಿದ್ಯಾಲಕ್ಷ್ಮಿ ಯೋಜನೆ ಅಡಮಾನವನ್ನೂ ಜಾಮೀನನ್ನೂ ಕೇಳುವುದಿಲ್ಲ, ಎಂಟು ಲಕ್ಷದವರೆಗೆ ವರಮಾನವಿರುವ ಕುಟುಂಬಗಳಿಗೆ ಹತ್ತು ಲಕ್ಷದವರೆಗಿನ ಸಾಲದ ಮೇಲೆ ಶೇ. 3ರ ಬಡ್ಡಿ ರಿಯಾಯಿತಿಯನ್ನೂ ಕೊಡುತ್ತದೆ. ಷರತ್ತೇನೆಂದರೆ, ದೇಶದ ಆಯ್ದ ಸಂಸ್ಥೆಗಳಲ್ಲಿ (ಒಪ್ಪಿಗೆಯ ಹೊತ್ತಿಗೆ ಸುಮಾರು 860) ಓದುತ್ತಿರಬೇಕು. ರೇಣುಕಾ ಓದುವ ಕಾಲೇಜಿನ ಛಾವಣಿ ಮಳೆಗಾಲದಲ್ಲಿ ಸೋರುತ್ತದೆ. ಅದು ಆ ಪಟ್ಟಿಯಲ್ಲಿಲ್ಲವೆಂದು ಬೇರೆ ಹೇಳಬೇಕಿಲ್ಲ.

ಖಾಸಗಿ ದಾನಕೃತಿಗಳನ್ನು ಕುರಿತು ಎರಡೇ ಮಾತು. ಸರ್ಕಾರಿ ಶಾಲೆ ಕಾಲೇಜಿನಲ್ಲಿ ಓದಿ ಪದವಿಗೆ ಸೇರಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ವರ್ಷಕ್ಕೆ 30,000 ರೂಪಾಯಿ ಕೊಡುತ್ತಿದೆ; ಸೈಬರ್ ಹುಡುಗನೇ ಇದನ್ನು ರೇಣುಕಾಳಿಗೆ ಹೇಳಿದ್ದು, ಕಾಲೇಜಲ್ಲ. ಇನ್ನೊಂದು ಪ್ರಕಾರ ಸಂಘ-ಸಂಸ್ಥೆಗಳ ಪ್ರತಿಭಾ ಪುರಸ್ಕಾರ. ಶಾಲು, ಹಾರ, ಹಣ್ಣಿನ ಬುಟ್ಟಿ, ಎರಡು ಕೇಜಿ ತೂಕದ ಸ್ಮರಣಿಕೆ, ಒಂಬತ್ತು ಜನ ಗಣ್ಯರ ಭಾಷಣ, ಒಂದು ಲಕೋಟೆ. ಲಕೋಟೆಯಲ್ಲಿ ಸಾವಿರದ ಒಂದು ರೂಪಾಯಿ. ಆ ಒಂದು ರೂಪಾಯಿಯ ಬಗ್ಗೆ ಪ್ರತ್ಯೇಕ ಪಿಎಚ್.ಡಿ. ಆಗಬೇಕು.

ಉಳಿದದ್ದು ಫಲಶ್ರುತಿ. ಈ ಅರ್ಜಿಯನ್ನು ಭಕ್ತಿಯಿಂದ ತುಂಬಿದವರಿಗೆ ವಿದ್ಯಾರ್ಥಿ ಐಡಿ ದೊರೆಯುವುದು. ಬೇರೆಯವರಿಂದ ತುಂಬಿಸಿದವರಿಗೆ ಅವರ ಪಾಸ್‌ವರ್ಡ್ ತಿಳಿಯದಿರುವುದು. ಕಾಲೇಜು ತೆರೆದ ವಾರವೇ ಬ್ಯಾಂಕಿಗೆ ಹೋಗಿ ಆಧಾರ್ ಯಾವ ಖಾತೆಗೆ ಅಂಟಿದೆಯೆಂದು ಕೇಳಿದವರಿಗೆ ಅರ್ಧ ಸಂಕಟ ಪರಿಹಾರ. ಸ್ವೀಕೃತಿ ಪತ್ರವನ್ನು ಎರಡು ಝೆರಾಕ್ಸ್ ಮಾಡಿಸಿ ಇಟ್ಟುಕೊಂಡವರಿಗೆ ಗುಮಾಸ್ತರ ಮುಂದೆ ಮಾತು. ಓಟಿಪಿ ಬರುವ ಹೊತ್ತಿಗೆ ತಂದೆಯ ಜೇಬಿನಲ್ಲಿ ಕನ್ನಡಕ ಇರಿಸಿದವರಿಗೆ ಪೂರ್ವಾರ್ಧ, ಉತ್ತರಾರ್ಧ ಎರಡೂ ಸಿದ್ಧಿಸುವುವು. ಆದರೆ ಈ ಫಲಶ್ರುತಿ ಹೊಸ ಅರ್ಜಿಗೆ ಮಾತ್ರ ಅನ್ವಯ. ನವೀಕರಣದವರು ಬರುವ ವರ್ಷ ಹೆಸರಿನಿಂದಲೇ ಮತ್ತೆ ಶುರುಮಾಡತಕ್ಕದ್ದು.